ಹತ್ತು ಎಣಿಸುವವರೆಗೆ

ಗಾಜಿನ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಗಾಳಿರಾಯ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಉದ್ದನೆಯ ಕೊಳವೆಗೆ ಬಾಯಿಟ್ಟು, ಕಾದ ಗಾಜನ್ನು ಊದಿ ಊದಿ ಹೂಜಿ ಮಾಡಿದವನಿಗೆ ಇನ್ನೇನು ಹೆಸರಿಟ್ಟಾರು? ಅಂಥವನಿಗೆ ಶ್ವಾಸಕೋಶದ ಪರೀಕ್ಷೆಯಂತೆ! ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ನಿಜ. ವಯಸ್ಸಾದ ಮೇಲೆ ಯಾರಿಗೆ ಬರುವುದಿಲ್ಲ? ಆದರೂ ಪರೀಕ್ಷೆಯ ಕಾಗದ ತಂದರೆ ಮಾತ್ರ ಸೋಮವಾರ ಕುಲುಮೆಯ ಮುಂದೆ ನಿಲ್ಲಬಹುದು, ಇಲ್ಲದಿದ್ದರೆ ಮನೆಯಲ್ಲಿರಿ ಎಂದು ಕಾರ್ಖಾನೆಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಆಸ್ಪತ್ರೆಯಲ್ಲಿ ಮೊದಲನೆಯದು ಜೋರಾಗಿ ಊದುವ ಪರೀಕ್ಷೆ. ಅದರಲ್ಲಿ ಅವನನ್ನು ಮೀರಿಸುವವರುಂಟೆ? ಯಂತ್ರದ ಗೆರೆ ನೆಟ್ಟಗೆ ಮೇಲೇರಿತು. ನೋಡಿದೆಯಾ ಎನ್ನುವಂತೆ, ಬಾಗಿಲ ಬಳಿ ಕೂತಿದ್ದ ಹೆಂಡತಿಯ ಕಡೆ ಹುಬ್ಬು ಹಾರಿಸಿದ. ಮೆಟ್ಟಿಲ ಹತ್ತಿರವೂ ನೋಡಿದ್ದೇನೆ ಎನ್ನುವಂತೆ ಅವಳು ಮುಖ ತಿರುಗಿಸಿದಳು.

ಎಡವಟ್ಟಾದದ್ದು ಎರಡನೆಯದರಲ್ಲಿ. ಪರೀಕ್ಷೆ ಮಾಡುವಾಕೆ ತಾಳ್ಮೆಯಿಂದಲೇ ವಿವರಿಸಿದಳು. ಗಾಳಿ ಒಳಗೆ ಹೋಗಿ ಬಂದರೆ ಸಾಲದು. ಶ್ವಾಸಕೋಶದ ತುದಿಯಲ್ಲಿ ಕೋಟಿಗಟ್ಟಲೆ ಪುಟ್ಟ ಗುಳ್ಳೆಗಳಿವೆ, ಅವುಗಳ ಗೋಡೆಗೆ ಅಂಟಿಕೊಂಡೇ ರಕ್ತ ಹರಿಯುತ್ತದೆ. ಆಮ್ಲಜನಕ ಆ ಗೋಡೆ ದಾಟಿ ರಕ್ತಕ್ಕೆ ಸೇರಬೇಕು, ರಕ್ತದಲ್ಲಿರುವ ಬೇಡದ ಅನಿಲ ಈಚೆಗೆ ಬರಬೇಕು. ಅದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು, ಬೇರೊಂದು ಅನಿಲ ಚಿಟಿಕೆಯಷ್ಟು ಬೆರೆಸಿದ ಗಾಳಿ ಎಳೆದುಕೊಂಡು, ಹತ್ತು ಎಣಿಸುವವರೆಗೆ ತಡೆದು ಬಿಡಬೇಕು. ಹೊರಗೆ ಬಂದದ್ದರಲ್ಲಿ ಆ ಅನಿಲ ಎಷ್ಟು ಕಡಿಮೆಯಾಗಿದೆಯೋ ಅಷ್ಟು ಗೋಡೆ ದಾಟಿದೆ ಎಂದರ್ಥ.

ಗಾಳಿರಾಯ ಎಳೆದುಕೊಂಡ. ನಾಲ್ಕು ಎಣಿಸುವಷ್ಟರಲ್ಲಿ ಊದಿಬಿಟ್ಟ. ಐದು ನಿಮಿಷ ಕಾದು ಮತ್ತೆ ಎಳೆದುಕೊಂಡವನು ಮೂರಕ್ಕೇ ಊದಿದ. ಎದೆ ತುಂಬಿದೊಡನೆ ಊದು ಎಂದು ಮೂವತ್ತು ವರ್ಷ ಪಳಗಿಸಿದ ಮೈ, ಈಗ ತಡಿ ಎಂದರೆ ಎಲ್ಲಿ ಕೇಳುತ್ತದೆ? ಮೂರನೆಯ ಸಲವೂ ಅದೇ ಹಾಡು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಊದು ಎಂದರೆ ಗೋಡೆ ಬೀಳುವ ಹಾಗೆ ಊದುತ್ತೇನೆ, ಸುಮ್ಮನೆ ಕೂರು ಎನ್ನುವುದೂ ಒಂದು ಪರೀಕ್ಷೆಯೇ ಎಂದು ರೇಗಿದ. ಆಕೆಗೂ ಸಾಕುಸಾಕಾಗಿತ್ತು. ಇನ್ನೊಂದೇ ಸಲ, ಅದೂ ಕೆಟ್ಟರೆ ಮುಂದಿನ ವಾರ ಬನ್ನಿ ಎಂದಳು. ಮುಂದಿನ ವಾರವೆಂದರೆ ಸೋಮವಾರ ಕೈತಪ್ಪಿದಂತೆಯೇ.

ಆಗ ಹೆಂಡತಿ ಎದ್ದು ಬಂದಳು. ಅದೇ ಕಾರ್ಖಾನೆಯಲ್ಲಿ ಅವನ ಪಕ್ಕದಲ್ಲೇ, ಊದುವ ಗಾಜಿಗೆ ಅಚ್ಚು ಹಿಡಿದವಳು ಅವಳು.

"ಒಂದ್ಸಲ ಊದಿ, ಕೊಳವೆ ಬಾಯಿಗೆ ಹೆಬ್ಬೆರಳು ಒತ್ತಿ ಹಿಡೀತಿದ್ರಲ್ಲ, ಒಳಗಿನ ಗಾಳಿ ಕಾದು ತಾನೇ ಗಾಜು ಉಬ್ಬಲಿ ಅಂತ. ಹಾಗೇ ಅಂದ್ಕೊಳ್ಳಿ. ನಾನು ಹೇಳೋವರೆಗೂ ಬೆರಳು ತೆಗೀಬೇಡಿ."

ಅವನು ಎಳೆದುಕೊಂಡು ಹೆಬ್ಬೆರಳನ್ನು ತೊಡೆಗೆ ಒತ್ತಿದ. ಅವಳು ಎಣಿಸಿದಳು. ಏಳಕ್ಕೆ ಕಣ್ಣು ಕತ್ತಲಿಟ್ಟಿತು, ಎಂಟಕ್ಕೆ ಕಿವಿ ಗುಂಯ್‌ಗುಟ್ಟಿತು. ಹತ್ತಕ್ಕೆ ಉಸಿರು ಬಿಟ್ಟ. ಗೆದ್ದೆ ಎಂದುಕೊಂಡ.

ಪರೀಕ್ಷೆ ಮಾಡುವಾಕೆ ಯಂತ್ರದ ಅಂಕಿ ನೋಡಿ ಪಕ್ಕದ ಕೋಣೆಯಿಂದ ಡಾಕ್ಟರನ್ನು ಕರೆತಂದಳು. ಅನಿಲ ಗೋಡೆ ದಾಟಿದ ಲೆಕ್ಕ ನೂರರ ಆಸುಪಾಸು ಇರಬೇಕಾದ ಕಡೆ ಮೂವತ್ತೆಂಟು ಬಂದಿತ್ತು. ಊದುವ ಬಲಕ್ಕೇನೂ ಕುಂದಿಲ್ಲ, ಗಾಳಿ ಗುಳ್ಳೆಯವರೆಗೆ ಹೋಗುತ್ತಿದೆ, ಗೋಡೆಯನ್ನು ಸಾಕಷ್ಟು ದಾಟುತ್ತಿಲ್ಲ ಎಂದರು ಡಾಕ್ಟರು. ಮೊದಲು ಗಾಜಿಗೆ ಮರಳು ಬೆರೆಸುವ ಕೆಲಸವೇನಾದರೂ ಮಾಡಿದ್ದಿರಾ ಎಂದು ಕೇಳಿದರು. ಹನ್ನೊಂದು ವರ್ಷ ಎಂದು ಹೆಂಡತಿಯೇ ಹೇಳಿದಳು. ಆ ಧೂಳು ಕೂತು ಕೂತು ಗುಳ್ಳೆಗಳ ಗೋಡೆ ದಪ್ಪವಾಗಿದೆ, ಇನ್ನು ಕಾರ್ಖಾನೆಯ ಕಡೆ ತಲೆಹಾಕಬೇಡಿ ಎಂದರು.

ದಪ್ಪವಂತೆ! ಅವನಷ್ಟು ತೆಳ್ಳಗೆ ಊದುವವರು ಕಾರ್ಖಾನೆಯಲ್ಲೇ ಇರಲಿಲ್ಲ. ದಪ್ಪಗೆ ಊದಿದ ಹೊಸಬರ ಹೂಜಿಗಳನ್ನು ಎಷ್ಟು ಸಲ ಒಡೆಸಿ ಕುಲುಮೆಗೆ ಹಾಕಿಸಿದ್ದನೋ.

"ಇದನ್ನ ತೆಳ್ಳಗೆ ಮಾಡೋಕೆ ಏನ್ಮಾಡ್ಬೇಕು ಹೇಳಿ," ಎಂದ. "ಎಷ್ಟು ಬೇಕಾದ್ರೂ ಊದ್ತೀನಿ."

ಊದಿ ಸರಿಮಾಡುವಂಥದ್ದಲ್ಲ, ಇನ್ನಷ್ಟು ದಪ್ಪವಾಗದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದು ಹೇಳಿ ಡಾಕ್ಟರು ಕಾಗದ ಬರೆಯತೊಡಗಿದರು.

ಗಾಳಿರಾಯ ಅಲ್ಲಾಡಲಿಲ್ಲ. ಅವನ ಹೆಬ್ಬೆರಳು ಇನ್ನೂ ತೊಡೆಯನ್ನು ಒತ್ತಿ ಹಿಡಿದೇ ಇತ್ತು, ಉಗುರು ಬೆಳ್ಳಗಾಗಿತ್ತು. ಹೆಂಡತಿ ಪಕ್ಕದಲ್ಲಿ ಕೂತು ಆ ಬೆರಳನ್ನು ಮೆಲ್ಲಗೆ ಎತ್ತಿದಳು.

"ಹತ್ತಾಯ್ತು," ಎಂದಳು. "ಬಿಡಿ."