ಮೇಲಕ್ಕೆ ಕವಲೊಡೆದ ಬೇರು

ಅಕ್ಕನಿಗೆ ತಂಗಿಯ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇನಿದೆ, ಕಚೇರಿಯ ಕಾವಲುಗಾರನಿಗೂ ಗೊತ್ತಿದ್ದ ವಿಷಯ. ಇಬ್ಬರೂ ಒಂದೇ ಭೂವಿಜ್ಞಾನ ಕಚೇರಿಯಲ್ಲಿದ್ದರು. ಜೇಡಿಮಣ್ಣನ್ನು ಹಲ್ಲಿನಲ್ಲಿ ಕಡಿದು, ಕರಕರ ಎಂದರೆ ಮರಳು ಬೆರೆತಿದೆ ಎಂದು ತಿಳಿಯುವುದನ್ನು ತಂಗಿಗೆ ಕಲಿಸಿದವಳೇ ಅಕ್ಕ. ಈಗ ನಿರ್ದೇಶಕರು ಏನು ಕೇಳಬೇಕಾದರೂ "ಪುಟ್ಟಿ ಎಲ್ಲಿ?" ಎನ್ನುತ್ತಿದ್ದರು. ಮನೆಯ ಮುದ್ದಿನ ಹೆಸರು ಕಚೇರಿಗೂ ಬಂದು ಕೂತಿತ್ತು. ಅಕ್ಕ ಮಾತ್ರ ಎಲ್ಲರಿಗೂ ಬರೀ ಮೇಡಂ.

ಆ ಸೀಮೆಯ ಕಲ್ಲಿದ್ದಲು ಹೊಳೆಯ ದಡಕ್ಕೇ ಮುಗಿಯುತ್ತದೆ ಎಂದು ನಕ್ಷೆ ಬರೆದವಳು ಅಕ್ಕ. ಕೋಟ್ಯಂತರ ವರ್ಷಗಳ ಹಿಂದೆ ಹೊಳೆಯ ಈಚೆಗೆ ಜವುಗು ಕಾಡಿತ್ತು. ಬಿದ್ದ ಮರಗಳು ನೀರಿನಡಿ ಕೊಳೆತು, ಮೇಲೆ ಮಣ್ಣು ಮರಳು ಹೇರಿಕೊಂಡು, ಆ ಭಾರಕ್ಕೆ ಕಲ್ಲಿದ್ದಲಾದವು. ಆಚೆ ದಡಕ್ಕೆ ಕಾಡು ಹಬ್ಬಲೇ ಇಲ್ಲ ಎಂಬುದು ಅವಳ ವಾದ. ನಕ್ಷೆ ನಿರ್ದೇಶಕರ ಕುರ್ಚಿಯ ಹಿಂದೆ ಗಾಜು ಹಾಕಿಸಿಕೊಂಡು ಮೆರೆಯುತ್ತಿತ್ತು.

ಪುಟ್ಟಿ ಹಟ ಹಿಡಿದು ಆಚೆ ದಡದಲ್ಲೇ ಬೋರ್ ಕೊರೆಸಿದಳು. ಕಲ್ಲಿದ್ದಲು ಸಿಗಲಿಲ್ಲ. ಆದರೆ ಮರಳುಗಲ್ಲಿನ ಕೆಳಗಿಂದ ಬೂದು ಜೇಡಿಯ ತುಂಡೊಂದು ಬಂತು. ಅದರಲ್ಲಿ ಕೂದಲೆಳೆಯಂಥ ಕಪ್ಪು ಗೆರೆಗಳು ಕೆಳಗಿಳಿಯುತ್ತ ಕವಲೊಡೆದಿದ್ದವು.

"ಬೇರು, ಅಕ್ಕಾ! ಬೇರಿದ್ಮೇಲೆ ಕಾಡಿತ್ತು ಅಂತ ತಾನೆ? ಆಮೇಲೆ ಇಲ್ಲಿ ಯಾವ್ದೋ ನದಿ ಬಂದು ಮೇಲಿದ್ದದ್ನೆಲ್ಲ ಕೊಚ್ಕೊಂಡು ಹೋಗಿದೆ, ಅಷ್ಟೆ. ಸ್ವಲ್ಪ ಪಕ್ಕಕ್ಕೆ ಕೊರೆದ್ರೆ ಕಲ್ಲಿದ್ದಲು ಸಿಕ್ಕೇ ಸಿಗುತ್ತೆ."

"ನೋಡೋಣ," ಎಂದಳು ಅಕ್ಕ. ಅದು ಮರದ ಬೇರೇ ಎಂದು ಅವಳಿಗೆ ಒಂದು ನೋಟಕ್ಕೇ ತಿಳಿದಿತ್ತು. ಇನ್ನೊಂದು ಬೋರ್ ಕೊರೆದರೆ ಗೋಡೆಗೆ ಪುಟ್ಟಿಯ ನಕ್ಷೆ ಬರುತ್ತದೆ. ಹೊಟ್ಟೆ ಧಗಧಗ ಉರಿಯಿತು.

ಮರುದಿನ ನಿರ್ದೇಶಕರು ನೋಡಲು ಬರುವವರಿದ್ದರು. ಪುಟ್ಟಿ ಚಹಾಕ್ಕೆ ಹೋದಾಗ ಉಗ್ರಾಣದಲ್ಲಿ ಅಕ್ಕ ಒಬ್ಬಳೇ. ಉದ್ದನೆಯ ಮರದ ಪೆಟ್ಟಿಗೆಯಲ್ಲಿ ತುಂಡುಗಳು ಭೂಮಿಯೊಳಗಿದ್ದ ಕ್ರಮದಲ್ಲೇ ಮಲಗಿದ್ದವು; ತಳ ಯಾವ ಕಡೆ ಎಂದು ತೋರಿಸಲು ಪ್ರತಿಯೊಂದರ ಮೇಲೂ ಕೆಂಪು ಬಾಣದ ಗುರುತು. ಅಕ್ಕ ಬೇರಿನ ತುಂಡನ್ನು ಎತ್ತಿ, ತಲೆಕೆಳಗು ಮಾಡಿ, ಬಾಣದ ಗುರುತು ಕಾಣದಂತೆ ಅದನ್ನು ಅಡಿ ಮಗ್ಗುಲಿಗೆ ಹಾಕಿ ಮಲಗಿಸಿದಳು. ಇಷ್ಟು ವರ್ಷದ ಕೆಲಸದಲ್ಲಿ ಒಂದು ಕಲ್ಲಿನ ಚೂರಿನ ಬಾಯಲ್ಲೂ ಸುಳ್ಳು ಹೇಳಿಸಿದವಳಲ್ಲ. ಇವತ್ತು ಹೇಳಿಸಿದಳು.

ನಿರ್ದೇಶಕರು ಬಗ್ಗಿ ನೋಡಿ ನಕ್ಕರು. "ಏನಮ್ಮ ಪುಟ್ಟಿ, ಇದು ಬೇರಾ? ಆಕಾಶದ ಕಡೆ ಕವಲೊಡೆಯೋ ಬೇರು ನಾನಂತೂ ನೋಡಿಲ್ಲ. ಯಾವ್ದೋ ಹುಳ ಕೊರೆದಿರೋ ಬಿಲ ಇರ್ಬೇಕು. ಇನ್ನೊಂದು ಬೋರ್ ಎಲ್ಲ ಆಗಲ್ಲ."

ಪುಟ್ಟಿ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಅಕ್ಕನನ್ನು ನೋಡಿದಳು. ಉಗ್ರಾಣದ ಬೀಗದ ಕೈ ಅಕ್ಕನ ಕೈಯಲ್ಲೇ ಇತ್ತು. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ತಂಗಿಗೆ ಎಲ್ಲ ಅರ್ಥವಾಗಿದೆ, ಈಗ ಬಾಯಿಬಿಡುತ್ತಾಳೆ, ನನ್ನ ಮಾನ ಬೀದಿಪಾಲು ಎಂದುಕೊಂಡಳು.

"ತುಂಡು ತಲೆಕೆಳಗಾಗಿದೆ ಸಾರ್," ಎಂದು ಪುಟ್ಟಿ ಅದನ್ನು ತಿರುಗಿಸಿಟ್ಟು ಬಾಣ ತೋರಿಸಿದಳು. ಮುರಿದ ಅಂಚು ಪಕ್ಕದ ತುಂಡಿಗೆ ಸರಿಯಾಗಿ ಹೊಂದಿಕೊಂಡಿತು. "ಗಡಿಬಿಡೀಲಿ ನಾನೇ ಹಾಗೆ ಇಟ್ಬಿಟ್ಟಿದ್ದೆ. ತಪ್ಪಾಯ್ತು."

ನಿರ್ದೇಶಕರು ಕನ್ನಡಕ ಏರಿಸಿಕೊಂಡು ಮತ್ತೆ ಬಗ್ಗಿದರು. ಬಹಳ ಹೊತ್ತು ನೋಡಿ ಭೇಷ್ ಎಂದರು. "ಬೋರ್ ಕೊರೆಸೋಣ. ಅಲ್ಲ, ತಪ್ಪನ್ನ ಹೀಗೆ ಒಪ್ಕೊಳ್ಳೋ ದೊಡ್ಡತನ ಎಷ್ಟು ಜನಕ್ಕಿದೆ ಹೇಳಿ, ಮೇಡಂ?"

ಮೇಡಂ ತಲೆಯಾಡಿಸಿದಳು. ತಿರುಗಿಸಿದ್ದು ನಾನು ಎಂಬ ಮಾತು ಗಂಟಲವರೆಗೆ ಬಂದಿತ್ತು. ಆದರೆ ಅದನ್ನು ತಳ್ಳಿಕೊಂಡು ಮುಂದೆ ಬಂದದ್ದು ಹಳೆಯ ಉರಿಯೇ: ಕ್ಷಮಿಸುವುದರಲ್ಲೂ ಇವಳೇ ಮುಂದಾದಳಲ್ಲ!