ಮೂರನೇ ಮಹಡಿಯ ದೃಷ್ಟಿಬೊಂಬೆ

ಗೇಟಿನ ಮುಂದೆ ನೀರು ಚೆಲ್ಲಿ ಕಸಬರಿಕೆಯಿಂದ ತಳ್ಳುತ್ತಿದ್ದ ಧನಲಕ್ಷ್ಮಿಗೆ ಅತ್ತೆಯ ದನಿ ಕೇಳಿಸಿತು. ಮುನಿಶಾಮಮ್ಮ ರಸ್ತೆಯ ಆಚೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಕಟ್ಟುತ್ತಿದ್ದ ಮೂರನೇ ಮಹಡಿಯ ಕಡೆ ನೋಡುತ್ತ ಕೂಗುತ್ತಿದ್ದರು.

“ಒಸಿ ಎಡಕ್ಕೆ ಕಟ್ಟೋ ಅಂಬಣ್ಣ. ಮಕ ಬೀದಿ ಕಡೀಕೆ ತಿರುಗ್ಸು. ಹೋಗೋರ್ಗೂ ಬರೋರ್ಗೂ ಎದುರ್ಗೇ ಕಾಣ್ಬೇಕು ಅದು.”

ದೃಷ್ಟಿಬೊಂಬೆ ಕಟ್ಟಿಸುತ್ತಿದ್ದಾರೆ ಎಂದುಕೊಂಡು ಧನಲಕ್ಷ್ಮಿ ತಲೆ ಎತ್ತಲಿಲ್ಲ. ಗೋಣಿಗೆ ಹುಲ್ಲು ತುಂಬಿ ಮಾಡಿದ್ದ ಹಳೆಯ ಬೊಂಬೆ ಹಿಂದಿನ ದಿನದ ಗಾಳಿಗೆ ಹಾರಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಬಿದ್ದಿತ್ತು. ಬೊಂಬೆಯಿಲ್ಲದೆ ಕಟ್ಟಡವನ್ನು ಒಂದು ದಿನವೂ ಬಿಡುವವರಲ್ಲ ಮುನಿಶಾಮಮ್ಮ.

ರಂಗೋಲಿ ಡಬ್ಬಿ ಎತ್ತಿಕೊಳ್ಳಲು ಬಗ್ಗಿ ಏಳುವಾಗ ಅವಳ ಕಣ್ಣು ತಾನಾಗಿ ಮೇಲೆ ಹೋಯಿತು. ಸಾಬಮ್ಮ ಯಾಕೆ ಅಲ್ಲಿಗೆ ಹತ್ತಿದಳು ಎಂದುಕೊಂಡಳು ಮೊದಲು. ಮರುಕ್ಷಣ, ಆ ಮುಖದ ಕೆಳಗೆ ಮೈ ಇಲ್ಲದ್ದು ಕಂಡಿತು. ಕಂಬದಿಂದ ಹೊರಗೆ ಚಾಚಿದ್ದ ಸರಳಿಗೆ ತಂತಿಯಲ್ಲಿ ಬಿಗಿದ ಮುಖ. ಎಡಗಡೆ ಹುಬ್ಬಿಲ್ಲ. ಕೆಳರೆಪ್ಪೆ ಕೆನ್ನೆಯ ಕಡೆಗೆ ಜಗ್ಗಿದೆ. ಕಿವಿ ಮುರುಟಿ ದವಡೆಗೆ ಅಂಟಿದೆ. ಗದ್ದದ ಕೆಳಗೆ ಒಣಮೆಣಸಿನಕಾಯಿ, ನಿಂಬೆಹಣ್ಣಿನ ಸರ.

ಧನಲಕ್ಷ್ಮಿ ರಂಗೋಲಿ ಡಬ್ಬಿಯನ್ನು ನೆಲಕ್ಕಿಟ್ಟು ರಸ್ತೆಯ ತಿರುವಿನ ಕಡೆ ನೋಡಿದಳು.

ಸಾಬಮ್ಮ ಅವರ ನೆಲಮಹಡಿಯ ಬಾಡಿಗೆ ಕೋಣೆಯವಳು, ಯಾದಗಿರಿ ಕಡೆಯವಳು. ಬೆಳಗಿನ ಜಾವ ಜೋಳದ ರೊಟ್ಟಿ ತಟ್ಟಿ ಕೆ.ಆರ್. ಪುರ ಮಾರ್ಕೆಟ್ಟಿನ ಪಕ್ಕದ ಮೆಸ್ಸಿಗೆ ಕೊಟ್ಟು ಬರುತ್ತಾಳೆ. ಹುಡುಗಿಯಾಗಿದ್ದಾಗ ಸೀಮೆಎಣ್ಣೆ ಸ್ಟೌ ಸಿಡಿದು ಮುಖದ ಎಡಭಾಗ ಬೆಂದಿತ್ತು. ಧನಲಕ್ಷ್ಮಿಯ ಮಗಳು ತೇಜಶ್ರೀಗೆ ಬಾಣಂತಿಕೋಣೆಯಿಂದಲೇ ಎಣ್ಣೆ ಹಚ್ಚಿ ಎರೆದು ಬೆಳೆಸಿದವಳು ಅವಳು. ಎರಡನೇ ಕ್ಲಾಸಿನ ತೇಜಶ್ರೀ ಈಗಲೂ ಶಾಲೆಯಿಂದ ಬಂದವಳೇ ‘ಸಾಬವ್ವಾ’ ಎನ್ನುತ್ತ ಅವಳ ತೊಡೆಯ ಮೇಲೆ ತಲೆಯಿಟ್ಟು, ಆ ಮುರುಟಿದ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡೇ ನಿದ್ದೆ ಹೋಗುತ್ತಾಳೆ. ರೊಟ್ಟಿ ಕೊಡಲು ಹೋದ ಸಾಬಮ್ಮ ಇನ್ನೇನು ತಿರುಗಿ ಬರುವ ಹೊತ್ತು. ರಸ್ತೆಯ ತಿರುವು ದಾಟಿದರೆ ಮೊದಲು ಕಾಣುವುದೇ ಈ ಕಟ್ಟಡ.

“ಅತ್ತೆ, ಅದನ್ನ ಎಲ್ಲಿಂದ ತಂದ್ರಿ?”

“ಎಲ್ಲಿಂದ ತರ್ಲಿ? ನಿನ್ ಗಂಡನ ರೂಮಿಂದ. ಕಾಸು ಕೊಟ್ಟು ತಂದಿರೋ ದೆವ್ವಗಳು ಮನೆ ತುಂಬ ಅವೆ, ಅಂಗ್ಡೀಲಿ ಇನ್ನೊಂದು ಯಾಕೆ ತರಾನ? ಡಬ್ಬದಾಗೆ ಹೊಸದಿತ್ತು. ಬಾಕಿವೆಲ್ಲ ಮಕ್ಕಳಾಟ ಕಣಮ್ಮಿ, ಇದು ಮಾತ್ರ ಸರ್ಯಾಗೈತೆ. ನೋಡಿದ್ರೆ ಎಂಥೋನ್ಗೂ ಎದೆ ಝಲ್ ಅನ್ಬೇಕು!”

ಮುನಿಶಾಮಮ್ಮನ ಒಂದು ಕಣ್ಣಿನ ಪೊರೆ ಇನ್ನೂ ತೆಗೆಸಿರಲಿಲ್ಲ. ಧನಲಕ್ಷ್ಮಿ ಕಸಬರಿಕೆ ಅಲ್ಲೇ ಬಿಟ್ಟು ಮೆಟ್ಟಿಲ ಕಡೆ ಓಡಿದಳು.

ಮೊದಲ ಮಹಡಿಯ ಆ ರೂಮಿನ ಬಾಗಿಲು ತೆರೆದೇ ಇತ್ತು. ಒಳಗಿನ ವಾಸನೆ ಮೆಟ್ಟಿಲಿಗೂ ಬಡಿಯಿತು. ಒದ್ದೆ ರೇನ್‌ಕೋಟನ್ನು ಮಡಿಸಿಟ್ಟು ಮರೆತ ಹಾಗಿನ ವಾಸನೆ. ಶಿವಾಜಿನಗರದ ಫುಟ್‌ಪಾತಿನಲ್ಲಿ ಹರಿದ ದೆವ್ವದ ಕಾಮಿಕ್ಸ್ ಹುಡುಕಿ ತರುತ್ತಿದ್ದ ಹುಡುಗನನ್ನು ಅವಳು ಮದುವೆಯಾದಾಗ ಅದು ಮುದ್ದಾಗಿಯೇ ಕಂಡಿತ್ತು. ಪ್ರತಿಯೊಂದು ಪುಸ್ತಕವನ್ನೂ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಓದುವಾಗ ಬಾಯಿ ತೆರೆದು ಕೂರುತ್ತಿದ್ದ ಪ್ರೇಮ್‌ಕುಮಾರ್. ಆಮೇಲೆ ಬಾಡಿಗೆಯ ಮನೆಗಳು ಎದ್ದವು, ಪಾರ್ಸೆಲ್‌ಗಳು ಬರತೊಡಗಿದವು. ತುಟಿ ಹೊಲಿದ ಗೊಂಬೆ. ನಾಲಗೆ ಎದೆಯವರೆಗೆ ಜೋತ ಮುಖವಾಡ. ಯಾವುದೋ ಸಿನಿಮಾದ ಕೊಲೆಗಾರನದೆಂಬ ಮಚ್ಚು, ಅದರ ಮೇಲೆ ಎಂದೂ ಒಣಗಿದಂತೆ ಕಾಣದ ರಕ್ತ. ಅತ್ತೆ ಉಪ್ಪಿನಕಾಯಿ ಹಾಕುತ್ತಿದ್ದ ಗಾಜಿನ ಜಾಡಿಯಲ್ಲಿ ರಬ್ಬರಿನ ಕಣ್ಣುಗುಡ್ಡೆಗಳು.

ಅವುಗಳ ಧೂಳು ತೆಗೆಯುವುದು ಧನಲಕ್ಷ್ಮಿಯ ಪಾಲಿನ ಕೆಲಸ. ಬೇಸಿಗೆಯಲ್ಲಿ ರಬ್ಬರು ಬೆವರುತ್ತಿತ್ತು. ಒರೆಸಿದ ಬಟ್ಟೆಗೆ ಹಳದಿ ಜಿಡ್ಡು ಹತ್ತುತ್ತಿತ್ತು. ಆ ಕೈಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಿ ಉಜ್ಜಿ ತೊಳೆದರೂ, ಹಿಟ್ಟು ಕಲಸುವಾಗ ವಾಸನೆ ಮೂಗಿಗೆ ಬರುತ್ತಿತ್ತು. “ಕುಡಿಯಲ್ಲ, ಇಸ್ಪೀಟ್ ಆಡಲ್ಲ. ಗೊಂಬೆ ತಾನೆ, ಇಟ್ಕೊಳ್ಲಿ ಬಿಡು” ಎಂದಿದ್ದಳು ಅವಳ ತಾಯಿ. ಧನಲಕ್ಷ್ಮಿ ಬಿಟ್ಟಿದ್ದಳು.

ಹೊಸತು ಬಂದಾಗಲೆಲ್ಲ ಮನೆಯಲ್ಲಿ ಒಂದು ಆಟ. ಪ್ರೇಮ್‌ಕುಮಾರ್ ಅದನ್ನು ತೇಜಶ್ರೀಯ ಮುಂದೆ ತಟ್ಟನೆ ಹಿಡಿಯಬೇಕು, ಅವಳು ಕಿರುಚಬೇಕು. “ಕಿರುಚು ಮಗಳೇ, ಇನ್ನೂ ಜೋರಾಗಿ!” ಎಂದು ಅವನು ಫೋನಿನಲ್ಲಿ ವೀಡಿಯೋ ಮಾಡಿ ಇಂಥವನ್ನೇ ಕೂಡಿಡುವವರ ತನ್ನ ಗ್ರೂಪಿಗೆ ಹಾಕುತ್ತಿದ್ದ. ಮಗಳು ಕಿರುಚಿ, ನಗುತ್ತ ಓಡಿಬಂದು ಧನಲಕ್ಷ್ಮಿಯ ಸೆರಗಿನೊಳಗೆ ನುಗ್ಗುತ್ತಿದ್ದಳು. ಧನಲಕ್ಷ್ಮಿಯೂ ನಗುತ್ತಿದ್ದಳು.

ಎರಡನೇ ಮಹಡಿ ದಾಟುವಾಗ ಧನಲಕ್ಷ್ಮಿಗೆ ತನ್ನ ಮುಂಗೈ ಉರಿದ ಹಾಗಾಯಿತು. ಆಷಾಢದ ಒಂದು ಭಾನುವಾರ ಸಾಬಮ್ಮನ ಉಗುರು ನಾಟಿದ್ದ ಜಾಗ ಅದು. ಅಂದು ಪ್ರೇಮ್‌ಕುಮಾರ್ ನಾಟಕಗಳಿಗೆ ಮುಖವಾಡ ಮಾಡುವ ಗಯಾಜ್ ಎಂಬವನನ್ನು ಕರೆತಂದಿದ್ದ. “ಸುಟ್ಟ ಚರ್ಮಕ್ಕೆ ಹಾಕ್ಕೊಳೋ ಮಾಸ್ಕ್ ಇರುತ್ತೆ ಕಣೆ, ಬಿಗಿತ ಸಡಿಲ ಆಗುತ್ತಂತೆ. ಮುಖದ ಅಳತೆಗೇ ಮಾಡಿಸ್ಬೇಕು. ನೀನೇ ಒಪ್ಸು, ನಿನ್ ಮಾತು ಕೇಳ್ತಾಳೆ” ಎಂದಿದ್ದ. ಗಂಡನಿಗೆ ಗೊಂಬೆ ಬಿಟ್ಟು ಮನುಷ್ಯರೂ ಕಂಡರಲ್ಲ ಎಂದು ಅವಳಿಗೆ ಹಿಗ್ಗಾಗಿತ್ತು.

“ಬ್ಯಾಡ್ರಿ ಅಕ್ಕೋರ” ಎಂದಿದ್ದಳು ಸಾಬಮ್ಮ. “ಮುಖದ ಮ್ಯಾಲ ಏನರ ಬಿತ್ತಂದ್ರ ನನಗ ಉಸುರು ನಿಲ್ತದ. ಥಂಡಿ ಇದ್ರೂ ಚಾದರ ಹೊಚ್ಗೊಳಲ್ಲ ನಾ.”

“ನಾನು ಪಕ್ಕದಲ್ಲೇ ಕೂತಿರ್ತೀನಿ ಸಾಬಮ್ಮ. ಕೈ ಹಿಡ್ಕೊಂಡಿರು.”

ಅಚ್ಚು ತೆಗೆಯಲು ಬಳಿದ ಬಿಳಿ ಗಾರೆಯಂಥದು ಮುಖವನ್ನೆಲ್ಲ ಮುಚ್ಚಿ ಮೂಗಿನ ಹೊಳ್ಳೆ ಮಾತ್ರ ಉಳಿದಾಗ ಸಾಬಮ್ಮನ ಉಗುರು ನಾಟಿತ್ತು. ಅವಳು ಧನಲಕ್ಷ್ಮಿಯ ಮುಂಗೈ ಬಿಟ್ಟಿರಲಿಲ್ಲ. ತೊಳೆದುಕೊಂಡ ಮೇಲೆ ನಾಚಿ ನಕ್ಕು ಕೇಳಿದ್ದಳು: “ಇದು ಹಾಕ್ಕೊಂಡ್ರ ಬಾಯಿ ಪೂರಾ ತೆರಿತದೇನ್ರಿ? ಒಮ್ಮಿ ಇಡೀ ಮಿರ್ಚಿ ಭಜ್ಜಿ ಬಾಯಾಗ ಹಾಕೋಬೇಕಂತ ಆಸಿ ಅದ.” ಅಂದಿನಿಂದ ಮನೆಗೆ ರೊಟ್ಟಿ ಕೊಡಲು ಬಂದಾಗಲೆಲ್ಲ ಅವಳದು ಒಂದೇ ಮಾತು, “ಬಂತೇನ್ರಿ ಅಕ್ಕೋರ?”

ಮೂರನೇ ಮಹಡಿಯಲ್ಲಿ ಮೇಸ್ತ್ರಿ ಅಂಬಣ್ಣ ತಂತಿಯ ಸುರುಳಿ ಹಿಡಿದು ನಿಂತಿದ್ದ. ಅವಳನ್ನು ನೋಡಿ ತಲೆ ಕೆರೆದುಕೊಂಡ.

“ನಾ ಅಂದೀನ್ರಿ ಅಕ್ಕೋರ, ಇದು ನಮ್ಮ ಸಾಬವ್ವನಂಗ ಕಾಣ್ತದಲ್ಲ ಅಂತ. ಅಮ್ಮೋರು, ನಿಂಗ ರಾತ್ರಿದು ಇನ್ನಾ ಇಳಿದಿಲ್ಲೇನೋ ಅಂತ ಬೈದ್ರು.”

“ಬಿಚ್ಚು ಅಂಬಣ್ಣ. ಬೇಗ ಬಿಚ್ಚು.”

ಬಿಚ್ಚಿ ಕೊಟ್ಟ. ಅದು ತಣ್ಣಗಿರುತ್ತದೆ ಎಂದುಕೊಂಡಿದ್ದಳು. ಬಿಸಿಲಿಗೆ ಕಾದು ಮೈಬಿಸಿ ಬಂದಿತ್ತು. ಒತ್ತಿದರೆ ಕೆನ್ನೆ ತಗ್ಗಿ, ಬಿಟ್ಟರೆ ನಿಧಾನಕ್ಕೆ ಉಬ್ಬುತ್ತಿತ್ತು. ಮೇಲ್ದುಟಿಯ ಮೇಲಿನ ನವುರು ಕೂದಲನ್ನೂ ಒಂದೊಂದಾಗಿ ನೆಟ್ಟಿದ್ದರು. ಮೂಗಿನ ಪಕ್ಕದ ಸಾಸಿವೆಯಂಥ ಮಚ್ಚೆಯೂ ಇತ್ತು. ಹಿಂದೆ ತಿರುಗಿಸಿದರೆ ಬರೀ ಟೊಳ್ಳು, ಸುಲಿದ ಕೋಳಿಚರ್ಮದ ಒಳಮೈಯ ಹಾಗೆ ನುಣ್ಣಗೆ, ಜಾರುವ ಹಾಗೆ. ಕಣ್ಣಿನ ತೂತಿನಲ್ಲಿ ತನ್ನ ಬೆರಳು ಹೊರಗೆ ಇಣುಕಿದ್ದನ್ನು ಕಂಡು ಅವಳು ಥಟ್ಟನೆ ಕೈ ಎಳೆದುಕೊಂಡಳು.

ಬಿಸಿಲಿಗೆ ಹಿಡಿದಾಗ ಬಣ್ಣ ಸರಿಯಾಗಿ ಕಂಡಿತು. ಸಾಬಮ್ಮನ ಗಾಯ ಎಂದೋ ಒಣಗಿದ್ದು. ಹಳೆಯ ಚರ್ಮದ ಚೀಲದ ಹಾಗೆ ಬೆಳ್ಳಗೆ, ಸುಕ್ಕುಸುಕ್ಕಾಗಿ, ಮುಟ್ಟಿದರೆ ಮೆತ್ತಗೆ. ಇಲ್ಲಿ ಅದನ್ನು ಮತ್ತೆ ಹಸಿ ಮಾಡಿದ್ದರು. ಕೆನ್ನೆಯ ಮಡಿಕೆಗಳಲ್ಲಿ ಕೆಂಪು, ಕಿವಿಯ ಬುಡದಲ್ಲಿ ಕೀವಿನ ಹಳದಿ, ಅದರ ಮೇಲೆ ಹೊಳಪಿಗೆಂದು ಬಳಿದ ವಾರ್ನಿಶ್. ಎಲ್ಲಿಂದಲೋ ಬಂದ ಒಂದು ನೊಣ ಅಲ್ಲೇ ಕೂತಿತು.

“ಏಯ್, ಬಿಸಿಲಲ್ಲಿ ಇಟ್ರೆ ಕಲರ್ ಹೋಗುತ್ತೆ ಕಣೆ!” ಚಡ್ಡಿಯಲ್ಲೇ ಮೆಟ್ಟಿಲು ಹತ್ತಿಬಂದಿದ್ದ ಪ್ರೇಮ್‌ಕುಮಾರ್ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಹಣೆಯ ತೂತನ್ನು ಹೆಬ್ಬೆರಳಿನಿಂದ ತೀಡಿದ. “ಥೂ, ತಂತಿ ಚುಚ್ಚಿದ್ದಾರೆ ನೋಡು. ಅಮ್ಮಂಗೆ ಬೇರೆ ಪೀಸೇ ಸಿಗ್ಲಿಲ್ವಾ?”

“ಇದು ಸಾಬಮ್ಮಂಗೆ ಅಂದಿದ್ರಲ್ಲ?”

“ಅದನ್ನೂ ಮಾಡಿಸ್ಬಹುದು, ಅಚ್ಚು ಇದೆಯಲ್ಲ. ಮೊದ್ಲು ಇಂದಿರಾನಗರದಲ್ಲಿ ನಮ್ ಗ್ರೂಪಿನೋರು ಪೀಸ್ ಇಡೋ ಶೋ ಮುಗೀಲಿ. ಗ್ರೂಪಲ್ಲಿ ಎಲ್ರ ಹತ್ರಾನೂ ಫಾರಿನ್ ಪೀಸೇ, ಒಂದೇ ಥರದ್ದು. ಇದು ಹಂಗಲ್ಲ. ಪ್ರಪಂಚದಲ್ಲಿ ಒಂದೇ ಇರೋದು.”

“ಒಂದೇನಾ?”

ಅವನಿಗೆ ಅರ್ಥವಾಗಲಿಲ್ಲ. “ಹೆಸರೇನೂ ಹಾಕಲ್ಲ ಕಣೆ. ಅಲ್ಲಿ ಯಾರಿಗೆ ಗೊತ್ತಾಗುತ್ತೆ? ನನಗೆ ಬೇಜಾರು ಅಂದ್ರೆ ತೇಜು. ಮೊನ್ನೆ ಹಾಕ್ಕೊಂಡು ತೋರಿಸ್ದೆ. ಎಷ್ಟು ಹೇಳಿದ್ರೂ ಕಿರುಚ್ಲೇ ಇಲ್ಲ. ಹತ್ರ ಬಂದು ಕಿವಿ ಹಿಡ್ಕೊಂಡು ನಿಂತ್ಬಿಟ್ಳು. ಅದನ್ನ ನೋಡಿ ಹೆದರ್ಕೋಬೇಕು ಮಗಳೇ ಅಂತ ಹೇಳ್ಕೊಡ್ಬೇಕಾಯ್ತು. ವೀಡಿಯೋನೇ ಹಾಳು.”

ಮೊನ್ನೆ ಒಗ್ಗರಣೆ ಹಾಕುತ್ತಿದ್ದಾಗ ಧನಲಕ್ಷ್ಮಿಗೆ “ಇನ್ನೊಂದ್ ಸಲ” ಎಂಬ ಅವನ ದನಿ ಕೇಳಿಸಿತ್ತು, ಕಿರುಚಾಟ ಕೇಳಿಸಿರಲಿಲ್ಲ. ಮಗಳಿಗೆ ಹೆದರಿಕೆ ಬಿಟ್ಟುಹೋಯಿತು ಎಂದುಕೊಂಡಿದ್ದಳು. ಆಮೇಲಿನಿಂದ ತೇಜಶ್ರೀ ಸ್ನಾನ ಮಾಡಿಸುವಾಗ, ಜಡೆ ಹಾಕುವಾಗ “ಅಮ್ಮಾ, ಒಂದ್ ಕೇಳ್ಲಾ?” ಎನ್ನುವುದು, “ಏನು ಪುಟ್ಟಾ?” ಎಂದರೆ “ಏನಿಲ್ಲ” ಎನ್ನುವುದು ನಡೆದಿತ್ತು. ನಿನ್ನೆ ಮಧ್ಯಾಹ್ನ ಅವಳು ಸಾಬಮ್ಮನ ಕೋಣೆಗೆ ಹೋಗಲಿಲ್ಲ. ಸೋಫಾದ ಮೇಲೆ ಒಬ್ಬಳೇ ಮುದುರಿಕೊಂಡು, ತನ್ನ ಕಿವಿಯನ್ನೇ ಹಿಡಿದುಕೊಂಡು ಮಲಗಿದ್ದಳು.

ಗಂಡನ ಕೈಯಿಂದ ಮುಖವಾಡ ಕಿತ್ತುಕೊಂಡು ಧನಲಕ್ಷ್ಮಿ ಸೆರಗಿನಲ್ಲಿ ಸುತ್ತಿದಳು. “ಏ, ನಿಧಾನ, ಹರಿಯುತ್ತೆ!” ಎಂದ ಅವನು. ಅಂಚಿನಿಂದ ಕೆಳಗೆ ನೋಡಿದಳು. ರಸ್ತೆಯ ಆಚೆ, ಅತ್ತೆಯ ಪಕ್ಕದಲ್ಲಿ, ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಸಾಬಮ್ಮ ನಿಂತಿದ್ದಳು. ಕತ್ತೆತ್ತಿ ಇತ್ತಲೇ ನೋಡುತ್ತಿದ್ದಳು.

ಇಳಿದು ಬರುವಷ್ಟರಲ್ಲಿ ಅವರಿಬ್ಬರೂ ಗೇಟಿನೊಳಗೆ ಬಂದಿದ್ದರು. ನೆಲದ ನೀರು ಅರೆಬರೆ ಒಣಗಿತ್ತು. ಶಾಲೆಯ ಯೂನಿಫಾರ್ಮ್ ಹಾಕಿಕೊಂಡ ತೇಜಶ್ರೀ ಕೊನೆಯ ಮೆಟ್ಟಿಲ ಮೇಲೆ ಬಾಚಣಿಗೆ, ರಿಬ್ಬನ್ನು ಹಿಡಿದು ಕಾಯುತ್ತಿದ್ದಳು. ಸೆರಗಿನಿಂದ ಹೊರಗೆ ಇಣುಕಿದ್ದ ಮುರುಟಿದ ಕಿವಿಯನ್ನು ಮುನಿಶಾಮಮ್ಮ ಹತ್ತಿರದಿಂದ ಕಂಡರು. ಪಕ್ಕಕ್ಕೆ ತಿರುಗಿ ಸಾಬಮ್ಮನ ಕಿವಿ ನೋಡಿದರು. “ಅಯ್ಯೋ ಶಿವ್ನೇ” ಎಂದು ಬಾಯಿಗೆ ಸೆರಗು ಒತ್ತಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ದಿನವೂ ಅವಳ ರೊಟ್ಟಿ ತಿನ್ನುವ ಬಾಯಿ ಅದು.

“ಬಂತೇನ್ರಿ ಅಕ್ಕೋರ?” ಎಂದಳು ಸಾಬಮ್ಮ. ಅವಳ ಎಡಗಣ್ಣು ಯಾವಾಗಲೂ ಒಸರುತ್ತದೆ. ಯಾವಾಗಿನ ಹಾಗೆಯೇ ಸೆರಗಿನ ಚುಂಗಿನಿಂದ ಒರೆಸಿಕೊಂಡಳು. “ಒಣಗಾಕ ಹಾಕಿದ್ರೇನ್ರಿ ಮ್ಯಾಲ?”

ಮೆಟ್ಟಿಲ ಮೇಲಿನಿಂದ ಪ್ರೇಮ್‌ಕುಮಾರ್ ಗಡಿಬಿಡಿಯಿಂದ, “ಹೂಂ ಹೂಂ, ಒಣಗ್ಲಿ ಅಂತಾನೇ, ಹಸಿ ಇತ್ತು” ಎಂದ.

ಸಾಬಮ್ಮ ಅವನ ಕಡೆ ನೋಡಲಿಲ್ಲ. ಧನಲಕ್ಷ್ಮಿಯನ್ನೇ ನೋಡುತ್ತಿದ್ದಳು. ಒಂದು ಸಲ ಹೌದೆಂದು ತಲೆ ಆಡಿಸಿದರೆ ಸಾಕಿತ್ತು. ಸಾಬಮ್ಮ ಒಳಗೆ ಹೋಗಿ ಹೆಂಚು ತೊಳೆಯುತ್ತಾಳೆ, ತೇಜಶ್ರೀ ಶಾಲೆಗೆ ಹೋಗುತ್ತಾಳೆ. ಸೆರಗಿನೊಳಗಿನ ಬಿಸಿ ಹೊಟ್ಟೆಗೆ ತಾಗುತ್ತಿತ್ತು.

“ಇಲ್ಲ ಸಾಬಮ್ಮ” ಎಂದಳು.

ತೇಜಶ್ರೀ ಮೆಟ್ಟಿಲಿಳಿದು ಬಂದು ಇಬ್ಬರ ನಡುವೆ ನಿಂತಳು. ಅಮ್ಮನ ಸೆರಗು ನೋಡಿದಳು. ಸಾಬಮ್ಮ ಅಭ್ಯಾಸಬಲದಿಂದ ಬುಟ್ಟಿ ಕೆಳಗಿಟ್ಟು, ಮಗುವಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತಳು. ತೇಜಶ್ರೀಯ ಕೈ ಅವಳ ಕಿವಿಯ ಕಡೆಗೆ ಅರ್ಧದವರೆಗೆ ಹೋಗಿ, ಅಲ್ಲೇ ಗಾಳಿಯಲ್ಲಿ ನಿಂತಿತು.

“ಅಮ್ಮಾ, ಒಂದ್ ಕೇಳ್ಲಾ?”

“ಕೇಳು ಪುಟ್ಟಾ.”

“ಸಾಬವ್ವನ್ನ ನೋಡಿದಾಗ್ಲೂ ನಾನು ಕಿರುಚ್ಬೇಕಾ?”