ವಿಕ್ಸಮ್‌ನಲ್ಲಿ ದಿಗ್ಬಂಧನ

ನನ್ನ ಗಂಡ ದಸ್ತಗೀರ್ ಕ್ರಾಂತಿಕಾರಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಗೇಟಿನ ಮುಂದೆ ಕೆಂಪು ಬಾವುಟ ಹಿಡಿದು ಬೆಳೆದವರು. ಕಡಲು ದಾಟಿ ವಿಕ್ಸಮ್‌ಗೆ ಬಂದು, ಕಾರಿನ ಬಿಡಿಭಾಗ ಮಾಡುವ ಸ್ವಂತ ವರ್ಕ್‌ಶಾಪ್ ತೆರೆದು ಮಾಲೀಕರಾದ ಮೇಲೂ ಬಾವುಟ ಕೆಳಗಿಳಿಸಲಿಲ್ಲ. ಅದು ಈಗ ನಮ್ಮ ಬೇಸ್‌ಮೆಂಟಿನಲ್ಲಿ ವಾಷಿಂಗ್ ಮಶೀನಿನ ಮೇಲೆ ಹಾರಾಡುತ್ತದೆ. ಪ್ರತಿ ವರ್ಷ ಜುಲೈ ಇಪ್ಪತ್ತಾರರಂದು, ಕ್ಯೂಬಾದ ಕ್ರಾಂತಿ ಶುರುವಾದ ದಿನವೆಂದು, ಅಲ್ಲೇ ಅವರ ಭಾಷಣ. ಕೇಳಲು ಬರುವವರೆಲ್ಲ ನನ್ನ ಬಿರಿಯಾನಿಗೆ ಬರುತ್ತಾರೆ ಎಂಬುದು ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತು.

2003ಕ್ಕೆ ಆ ಕ್ರಾಂತಿಗೆ ಐವತ್ತು ತುಂಬಿತು. ಅದೇ ತಿಂಗಳು, ನಾಲ್ಕೈದು ತಾಸಿನ ದಾರಿಯ ಓಕ್ ಬ್ರೂಕ್‌ನಲ್ಲಿರುವ ನನ್ನ ತಂಗಿ ಅರೀಬಾಗೆ ಚೊಚ್ಚಲ ಹೆರಿಗೆಯಾಯಿತು. ನಮ್ಮಮ್ಮ ಇಲ್ಲ, ಬಾಣಂತನಕ್ಕೆ ನಾನಲ್ಲದೆ ಇನ್ನಾರು?

"ಆಪಾ, ಕೂಸು ಹಾಲು ಕುಡೀವಲ್ದು, ನನಗೇನೂ ತಿಳೀವಲ್ದು. ಯಾವಾಗ ಬರ್ತಿ?" ಎಂದು ಅವಳು ಫೋನಿನಲ್ಲಿ ಅತ್ತಳು.

"ಇಪ್ಪತ್ತಾರು ಮುಗೀಲಿ, ನಾನೇ ಒಯ್ದು ಬಿಡ್ತೀನಿ," ಅಂದರು ಇವರು. ಅವಳ ಸೀಮಂತಕ್ಕೂ ಹೀಗೇ ಅಂದಿದ್ದರು. ಆಗ ವರ್ಕ್‌ಶಾಪಿನಲ್ಲಿ ಯಾವುದೋ ಆರ್ಡರ್ ಬಂದು ಹೋಗುವುದೇ ತಪ್ಪಿತ್ತು.

ಆದರೆ ಈ ಸಲ ನನ್ನ ಪರ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಇತ್ತು. ಅದಕ್ಕೆ ಕಾರಣವೂ ಕ್ಯೂಬಾ. ಕಳೆದ ವರ್ಷದ ಭಾಷಣದಲ್ಲಿ ಇವರು, ಪೇಟೆಯ ಹುಡುಗ ಹುಡುಗಿಯರು ಲಾಟೀನು ಹಿಡಿದು ಗುಡ್ಡ ಹತ್ತಿ ಹೋಗಿ, ಒಂದೇ ವರ್ಷದಲ್ಲಿ ಮುದುಕ ಮುದುಕಿಯರಿಗೂ ಅಕ್ಷರ ಕಲಿಸಿದ ಕ್ಯಾಂಪೇನಿನ ಕಥೆ ಹೇಳುತ್ತಾ ಕಣ್ಣೀರು ಹಾಕಿದ್ದರು. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ನಮ್ಮ ಮಗಳು ಹುದಾ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಭಾನುವಾರ ಇವರು ಉಂಡು ಮಲಗಿದ ಮೇಲೆ ನನ್ನನ್ನು ವ್ಯಾನಿನಲ್ಲಿ ಫ್ಯಾಕ್ಟರಿಗಳ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದೊಯ್ದು ಡ್ರೈವಿಂಗ್ ಕಲಿಸುತ್ತಿದ್ದಳು. "ಅಮ್ಮೀ, ರಿಲ್ಯಾಕ್ಸ್. ಯು ಆರ್ ಡೂಯಿಂಗ್ ಟೆನ್," ಅನ್ನುತ್ತಿದ್ದಳು. ನನಗೆ ಗಂಟೆಗೆ ಆ ಹತ್ತು ಮೈಲಿಯೇ ವಿಮಾನದ ವೇಗ. ಅಂತೂ ರೋಡ್ ಟೆಸ್ಟ್ ಪಾಸಾದೆ.

ಲೈಸೆನ್ಸ್ ತೋರಿಸಿದಾಗ ಇವರು ಮುಖ ಹುಳ್ಳಗೆ ಮಾಡಿಕೊಂಡು "ಛಲೋ ಆತು" ಅಂದರು. ಮರುದಿನ ಅಡಿಗೆಮನೆಯ ಮೊಳೆಯಲ್ಲಿದ್ದ ವ್ಯಾನಿನ ಕೀ ಇವರ ಅಂಗಿಯ ಜೇಬಿಗೆ ಹೋಗಿತ್ತು.

"ಹೈವೇ ಮ್ಯಾಲೆ ಟ್ರಕ್ ಹೆಂಗ್ ಬರ್ತಾವ ಗೊತ್ತದ ಏನು ನಿನಗ? ನಿನ್ನ ಒಳ್ಳೇದಕ್ಕ ಹೇಳ್ತೀನಿ."

ಇಷ್ಟು ವರ್ಷ ಇವರ ಭಾಷಣ ಕೇಳಿದವಳು ನಾನು. ಬಲ ಇದ್ದವರು ಪಕ್ಕದಲ್ಲೇ ಕೂತು, ನಿನ್ನ ಒಳ್ಳೆಯದಕ್ಕೇ ಎನ್ನುತ್ತಾ ದಾರಿ ಕಟ್ಟಿದರೆ ಅದಕ್ಕೆ ಏನನ್ನುತ್ತಾರೆಂದು ನನಗೆ ಬಾಯಿಪಾಠ. ದಿಗ್ಬಂಧನ.

ಇಪ್ಪತ್ತಾರರಂದು ನಾನು ಒಲೆ ಹಚ್ಚಲಿಲ್ಲ. ಬಾಣಂತಿಗೆ ಕಟ್ಟಿದ್ದ ಅಂಟಿನ ಉಂಡಿಯ ಡಬ್ಬ ಸೂಟ್‌ಕೇಸಿಗೆ ಹಾಕಿಕೊಂಡು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕೂತೆ. ಕೆಳಗೆ ಭಾಷಣ ರಂಗೇರಿತ್ತು. ಸ್ಪೇನಿನವರನ್ನು ಓಡಿಸಿದ್ದು, ಸರ್ವಾಧಿಕಾರಿಯನ್ನು ಓಡಿಸಿದ್ದು, ಹಳ್ಳಿಹಳ್ಳಿಗೆ ಡಾಕ್ಟರು ಬಂದದ್ದು ಎಲ್ಲ ಮುಗಿದು ಇವರು ದಿಗ್ಬಂಧನಕ್ಕೆ ಬಂದಿದ್ದರು.

"ಈ ದೇಶದವ್ರು ಬರೇ ತೊಂಬತ್ತು ಮೈಲಿ ದೂರದಾಗ ಕೂತು ಕ್ಯೂಬಾದ ದಾರಿ ಕಟ್ಟಿದ್ರು! ಆದ್ರ ಒಮ್ಮೆ ಸ್ವಾತಂತ್ರ್ಯದ ರುಚಿ ಕಂಡವರನ್ನ ಯಾರು ತಡೀತಾರ?"

ಮುಂದಿನ ಕುರ್ಚಿಯಲ್ಲಿದ್ದ ಚಂದ್ರಮೌಳಿ ಮೂಗರಳಿಸಿದರು. ಪಕ್ಕದೂರು ನಾರ್ತ್‌ವಿಲ್‌ನ ಇಂಜಿನಿಯರು, ಕ್ರಾಂತಿ ಎಂದರೆ ಅವರಿಗೆ ಅಲರ್ಜಿ, ಬಿರಿಯಾನಿ ಎಂದರೆ ಪ್ರಾಣ.

"ಏನ್ರೀ ದಸ್ತಗೀರ್, ಇವತ್ತು ಮೇಲಿಂದ ವಾಸನೇನೇ ಬರ್ತಿಲ್ಲ?"

"ಒಲಿ ಹಚ್ಚಿಲ್ಲ," ಎಂದೆ ನಾನು ಮೆಟ್ಟಿಲಿನಿಂದಲೇ. "ನನ್ನ ತಂಗಿ ಬಾಣಂತಿ. ವ್ಯಾನಿನ ಕೀ ಇವರ ಕಿಸೇದಾಗ ಅದ. ಅದು ಹೊರಗ ಬರೂತನಾ ಈ ಮನಿಯಾಗ ಅನ್ನ ಇಲ್ಲ."

ಚಂದ್ರಮೌಳಿಯವರ ಹೆಂಡತಿ ಅನಸೂಯ ಮೈಸೂರಿನವರು, ಎಂದೂ ಧ್ವನಿ ಏರಿಸಿದವರಲ್ಲ. ಆವತ್ತೂ ಮೆಲ್ಲಗೇ ಅಂದರು: "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನೋ ಹಾಗಾಯ್ತಲ್ಲ ದಸ್ತಗೀರ್ ಅವ್ರೇ."

ಹಸಿದ ಚಂದ್ರಮೌಳಿ ಧಡಕ್ಕನೆ ಎದ್ದು ನಿಂತು ಮುಷ್ಟಿ ಎತ್ತಿದರು. "ದಿಗ್ಬಂಧನಕ್ಕೆ..."

"ಧಿಕ್ಕಾರ!" ಎಂದಿತು ಇಡೀ ಬೇಸ್‌ಮೆಂಟು. ಎಲ್ಲರಿಗಿಂತ ಜೋರಾಗಿ ಕೂಗಿದವರು ನನ್ನ ಗಂಡ. ಹುಬ್ಬಳ್ಳಿಯ ಅಭ್ಯಾಸ, ಘೋಷಣೆ ಕಿವಿಗೆ ಬಿದ್ದರೆ ಕೈ ತಾನೇ ಮೇಲೇಳುತ್ತದೆ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಇವರು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ಅದನ್ನು ಜೇಬಿಗೆ ಹಾಕಿ ಕೀ ತೆಗೆದರು.

"ಹಂಗಾದ್ರೆ ಊಟ?" ಎಂದರು ಚಂದ್ರಮೌಳಿ.

"ನೆಕ್ಸ್ಟ್ ಕ್ಯಾಂಪೇನ್, ಅಂಕಲ್," ಎಂದಳು ಹುದಾ. "ಟೀಚಿಂಗ್ ಅಬ್ಬಾ ಟು ಕುಕ್."

ಹೊರಗೆ ಬಂದು ಸೂಟ್‌ಕೇಸನ್ನು ಇವರೇ ವ್ಯಾನಿಗೆ ಏರಿಸಿದರು. ನಾನು ಸೀಟಿನಲ್ಲಿ ಕೂತ ಮೇಲೂ ಬಾಗಿಲು ಬಿಡಲಿಲ್ಲ.

"ಟ್ರಕ್ಕಿನ ಮಾತು ಸುಳ್ಳು," ಎಂದರು. "ಇಷ್ಟು ವರ್ಷ ಎಲ್ಲಿಗೆ ಹೋಗೂದಿದ್ರೂ ನೀ ನನ್ನ ಕೇಳ್ತಿದ್ದಿ. ಇನ್ನ ಕೇಳೂದಿಲ್ಲ. ಅದಕ್ಕ ಅಂಜಿಕಿ ಆತು."

ಸಿಟ್ಟು ಇನ್ನೂ ಇತ್ತು. ಆದರೂ ಆ ಮುಖ ನೋಡಿ ಅಯ್ಯೋ ಅನಿಸಿತು. ಈ ಮನುಷ್ಯನನ್ನು ನಾನು ಪ್ರೀತಿಸುತ್ತೇನೆ, ಏನು ಮಾಡುವುದು?

"ಇನ್ನ ಕೇಳೂದಿಲ್ಲ," ಎಂದೆ. "ಹೇಳಿ ಹೋಗ್ತೀನಿ."

"ಹೇಳು ಮತ್ತ."

"ಓಕ್ ಬ್ರೂಕ್‌ಗೆ ಹೊಂಟೀನಿ. ಬಾಣಂತನ ಮುಗಿಸಿ, ನಲವತ್ತು ದಿನಕ್ಕ ಬರ್ತೀನಿ."

"ನಲವತ್ತು ದಿನಾ?" ಎಂದು ಇವರು ಬಾಯಿ ತೆರೆದರು. ಎರಡು ದಿನವೆಂದು ಲೆಕ್ಕ ಹಾಕಿದ್ದರೆಂದು ಕಾಣುತ್ತದೆ. ನಾನು ಬಾಗಿಲು ಎಳೆದುಕೊಂಡು ರಿವರ್ಸ್ ಹಾಕಿದೆ. ಇವರು ಓಡಿ ವ್ಯಾನಿನ ಹಿಂದಕ್ಕೆ ಹೋಗಿ ಕೈ ಆಡಿಸತೊಡಗಿದರು.

"ಬರ್ಲಿ... ಬರ್ಲಿ... ಇನ್ನೂ ಬರ್ಲಿ..."

ಕನ್ನಡಿಯಲ್ಲಿ ಅವರ ಕೈ ನೋಡುತ್ತಾ ನಾನು ಸ್ಟೀರಿಂಗ್ ತಿರುಗಿಸಿದೆ. ವ್ಯಾನು ರಸ್ತೆಗಿಳಿಯಿತು.